ಮಂದಗಾಳಿಯಲ್ಲಿ ದೊಡ್ಡ ಪವರ್ ಕೈಟ್: ನಮ್ಮ ಕಡಲತೀರದಲ್ಲಿ ಹಾರಿಸುವ ಕ್ರಮ

ಪವರ್ ಕೈಟ್, ಅಂದರೆ ಹಾರಿಸುವವರನ್ನೇ ಎಳೆಯುವ ಗಾಳಿಪಟ, ತಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಹತ್ತು ಚದರ ಮೀಟರಿನ ಪವರ್ ಕೈಟ್ ತರಿಸಿದ್ದೇನೆ. ಪಣಂಬೂರಿಗೆ ಒಯ್ದರೆ ಏಳುವುದೇ ಇಲ್ಲ. ಎದ್ದರೆ ನೆತ್ತಿಯ ಮೇಲೆ ಹೋಗಿ ಮುದ್ದೆಯಾಗಿ ಬೀಳುತ್ತದೆ. ಗಾಳಿ ಸಾಲದೋ, ಪಟವೇ ಸರಿಯಿಲ್ಲವೋ?" ಪಟ ಬಹುತೇಕ ಸರಿಯಾಗಿಯೇ ಇರುತ್ತದೆ. ಗಾಳಿಯೂ ಎಷ್ಟೋ ಸಲ ಸಾಕಾಗುವಷ್ಟಿರುತ್ತದೆ. ಬ್ರೇಕ್ ದಾರ (ಪಟದ ಹಿಂದಿನ ಅಂಚನ್ನು ಜಗ್ಗಿ ಓಟ ತಡೆಯುವ ದಾರ) ಬಿಗಿಯಾಗಿರುವುದು, ಪಟವನ್ನು ಒಂದೇ ಕಡೆ ನಿಲ್ಲಿಸಲು ಹೋಗುವುದು, ತಪ್ಪು ಹೊತ್ತಿಗೆ ಕಡಲಿಗೆ ಇಳಿಯುವುದು, ಈ ಮೂರರಲ್ಲಿ ಒಂದು ಕಾರಣ ಸಿಕ್ಕೇ ಸಿಗುತ್ತದೆ.

ಇಲ್ಲಿ ಹೇಳುವುದೆಲ್ಲ ನಾಲ್ಕು ದಾರ, ಎರಡು ಹ್ಯಾಂಡಲ್ ಇರುವ ಫಾಯಿಲ್ ಪಟದ ಬಗ್ಗೆ. ಫಾಯಿಲ್ ಎಂದರೆ ಕಡ್ಡಿಯೇ ಇಲ್ಲದ, ಬರೀ ಬಟ್ಟೆಯ ಪಟ. ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳಿರುತ್ತವೆ. ಅವುಗಳಿಂದ ಗಾಳಿ ಒಳಗಿನ ಕೋಶಗಳಿಗೆ ತುಂಬಿದಾಗ ಪಟಕ್ಕೆ ರೆಕ್ಕೆಯ ಆಕಾರ ಬರುತ್ತದೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್‌ನಿಂದ ಬಂದ ಉಪಾಯ ಇದು. ಪ್ಯಾರಾಗ್ಲೈಡರ್ ಕೂಡ ಇದೇ ಕುಟುಂಬದ್ದು.

ನಮ್ಮ ಊರಿನವರಿಗೆ ದೊಡ್ಡ ಪಟ ಎಂದರೆ ಕಣ್ಣೆದುರು ಬರುವುದು ಪಣಂಬೂರು, ತಣ್ಣೀರುಬಾವಿಗಳ ಗಾಳಿಪಟ ಉತ್ಸವ, ಟೀಮ್ ಮಂಗಳೂರು ತಂಡದ ಕಥಕ್ಕಳಿ ಪಟ. ಅವು ಪ್ರದರ್ಶನದ ಪಟಗಳು. ಒಂದೇ ಹಗ್ಗ, ನೆಲಕ್ಕೆ ಬಿಗಿದ ಲಂಗರು, ಆಕಾಶದಲ್ಲಿ ಒಂದೇ ಜಾಗ. ಪವರ್ ಕೈಟ್ ಇದಕ್ಕೆ ಪೂರಾ ವಿರುದ್ಧ. ಅದು ನಿಂತರೆ ಸತ್ತಂತೆ.

ಪಟದ ಓಟವೇ ಗಾಳಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ನೆನಪಿಡಿ. ಗಾಳಿಯಿಲ್ಲದ ದಿನವೂ ಸ್ಕೂಟರಿನಲ್ಲಿ ಹೋಗುವಾಗ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ಪಟಕ್ಕೂ ಹಾಗೆಯೇ. ಓಡುವ ಪಟ ತನಗೆ ಬೇಕಾದ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ಎಳೆತ ಹುಟ್ಟುವುದು ಪಟಕ್ಕೆ ತಾಗುವ ಈ ಗಾಳಿಯಿಂದ. ಅದೂ ವೇಗದ ವರ್ಗಕ್ಕೆ ತಕ್ಕಂತೆ: ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ಲೆಕ್ಕ ಹಾಕಿ ನೋಡಿ. ಗಂಟೆಗೆ 11 ಕಿಲೋಮೀಟರ್ ಗಾಳಿಯಲ್ಲಿ ಸುಮ್ಮನೆ ನಿಂತ 10 ಚದರ ಮೀಟರ್ ಪಟ ಎಳೆಯುವುದು ಸುಮಾರು 4 ಕಿಲೋ, ಒಂದು ಸಣ್ಣ ಅಕ್ಕಿ ಚೀಲದಷ್ಟು. ಅದೇ ಪಟ ಗಾಳಿಯ ನಾಲ್ಕು ಪಟ್ಟು ವೇಗದಲ್ಲಿ ಎದುರಿನಿಂದ ಹಾದುಹೋದರೆ 70 ಕಿಲೋ, ಅಂದರೆ ಒಬ್ಬ ಆಳಿನ ತೂಕ. ಇನ್ನು ಗಾಳಿಯೇ 22 ಕಿಲೋಮೀಟರಿಗೆ ಏರಿತೆಂದುಕೊಳ್ಳಿ, ಅದೇ ಓಟದಲ್ಲಿ ಎಳೆತ 280 ಕಿಲೋ. ಇದು ಕಾಗದದ ಲೆಕ್ಕ, ಹೊಯಿಗೆಯ ಮೇಲೆ ಸ್ವಲ್ಪ ಆಚೀಚೆಯಾಗುತ್ತದೆ. ಆದರೂ ಎರಡು ಸಂಗತಿ ಇದರಿಂದಲೇ ಗೊತ್ತಾಗುತ್ತದೆ. ಮಂದಗಾಳಿಯಲ್ಲಿ ಪಟ ಓಡಿಸದೆ ಎಳೆತವಿಲ್ಲ. ಮಂದಗಾಳಿಗೆಂದು ತಂದ ದೊಡ್ಡ ಪಟ, ಗಾಳಿ ಏರಿದ ಕ್ಷಣ ನಿಮ್ಮ ಅಂಕೆಯಲ್ಲಿ ಇರುವುದಿಲ್ಲ.

ಹಾಗಾಗಿ 2ರಿಂದ 3 ಚದರ ಮೀಟರಿನ ಸಣ್ಣ ಪಟದಲ್ಲಿ ಕೈ ಪಳಗಿಸದೆ ಯಾರೂ ದೊಡ್ಡ ಪಟಕ್ಕೆ ಕೈ ಹಾಕಬೇಡಿ. "ಗಾಳಿ ಕಡಿಮೆಯಲ್ಲವೇ, ಏನಾಗುತ್ತದೆ" ಎಂಬ ಧೈರ್ಯ ಬೇಡ.

ಬೇಕಾದ ಸಾಮಾನು

ಪಟ: 65ರಿಂದ 75 ಕಿಲೋ ತೂಕದವರಿಗೆ, ಗಂಟೆಗೆ 8ರಿಂದ 14 ಕಿಲೋಮೀಟರ್ ಗಾಳಿಗೆ, 8ರಿಂದ 10 ಚದರ ಮೀಟರ್. ಇದಕ್ಕಿಂತ ದೊಡ್ಡದು ತಂದರೆ ಏಳುವುದು ಸುಲಭವಾಗುತ್ತದೆ ಎಂದುಕೊಳ್ಳಬೇಡಿ. ಬಟ್ಟೆಯ ತೂಕ ಏರುತ್ತದೆ, ತಿರುಗುವುದು ನಿಧಾನವಾಗುತ್ತದೆ.

ದಾರ: ಡೈನೀಮಾ ದಾರವೇ ಆಗಬೇಕು. ಇದು ಅಷ್ಟಾಗಿ ಹಿಗ್ಗದ, ಹಗುರವಾದ, ನೀರು ಹೀರದ ಪ್ಲಾಸ್ಟಿಕ್ ನೂಲು. ಎಳೆತ ಹೊರುವ ಎರಡು ಪವರ್ ಲೈನ್ ತಲಾ 220ರಿಂದ 300 ಕಿಲೋ ತಡೆಯುವಂಥವು, ಎರಡು ಬ್ರೇಕ್ ಲೈನ್ ತಲಾ 100ರಿಂದ 150 ಕಿಲೋದವು. ಉದ್ದ 25 ಮೀಟರ್. ಮೇಲೆ ಹೋದಷ್ಟೂ ಗಾಳಿ ಹೆಚ್ಚು; ನಿಮ್ಮ ತಲೆಯ ಎತ್ತರದಲ್ಲಿರುವುದಕ್ಕಿಂತ 20 ಮೀಟರ್ ಮೇಲೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜಾಸ್ತಿ ಸಿಗುತ್ತದೆ. ಅದಕ್ಕೇ ಮಂದಗಾಳಿಗೆ ಉದ್ದ ದಾರ. ಹಾಗೆಂದು 40 ಮೀಟರ್ ಕಟ್ಟಿದರೆ ದಾರದ ತೂಕ ಮತ್ತು ಗಾಳಿಯ ತಡೆ ಆ ಲಾಭವನ್ನು ತಿಂದುಹಾಕುತ್ತವೆ. ಸಾಮಾನ್ಯ ನೈಲಾನ್ ಹುರಿ ಬೇಡ, ಅದು ರಬ್ಬರಿನಂತೆ ಹಿಗ್ಗುತ್ತದೆ. ಮಾಂಜಾ ಎಂಬ ಮಾತಂತೂ ಬೇಡವೇ ಬೇಡ.

ಸುರಕ್ಷತೆ: ಕೈಟ್ ಕಿಲ್ಲರ್ ಎಂಬ ಮಣಿಕಟ್ಟಿನ ಪಟ್ಟಿ ಒಂದು ಜೊತೆ. ಇದು ಬ್ರೇಕ್ ದಾರಕ್ಕೆ ಸೇರಿರುತ್ತದೆ. ಹ್ಯಾಂಡಲ್ ಬಿಟ್ಟುಬಿಟ್ಟರೆ ಪವರ್ ಲೈನ್ ಸಡಿಲಾಗಿ, ಬ್ರೇಕ್ ಮಾತ್ರ ಜಗ್ಗಿ, ಪಟ ಬಾವುಟದಂತೆ ಪಟಪಟಿಸಿ ಕೆಳಗೆ ಬೀಳುತ್ತದೆ. ಇದಿಲ್ಲದೆ ದೊಡ್ಡ ಪಟ ಹಾರಿಸಬೇಡಿ. ಜೊತೆಗೆ ಹೆಲ್ಮೆಟ್, ಹಿಮ್ಮಡಿ ಮುಚ್ಚುವ ಬೂಟು, 40ರಿಂದ 50 ಸೆಂಟಿಮೀಟರಿನ ಗೂಟ, ಕೋಲಿಗೆ ಕಟ್ಟಲು ಒಂದು ರಿಬ್ಬನ್. ಕೈಯಲ್ಲಿ ಹಿಡಿಯುವ ಗಾಳಿಮಾಪಕ ಇದ್ದರೆ ಊಹೆಯೇ ಬೇಡ. ಸೊಂಟಕ್ಕೆ ಕಟ್ಟುವ ಹಾರ್ನೆಸ್ ಆರಂಭದವರಿಗೆ ಸಲ್ಲದು. ಪಟಕ್ಕೆ ನಿಮ್ಮನ್ನು ನೀವೇ ಕಟ್ಟಿಹಾಕಿಕೊಂಡಂತಾಗುತ್ತದೆ.

ಹೊತ್ತು ಮತ್ತು ಜಾಗ

ಹೆಚ್ಚಿನವರು ಎಡವುವುದು ಇಲ್ಲೇ.

ನಮ್ಮ ತೀರದಲ್ಲಿ ರಾತ್ರಿ ಮತ್ತು ಬೆಳಗ್ಗೆ ನೆಲದಿಂದ ಕಡಲಿಗೆ ಬೀಸುವ ಮೂಡುಗಾಳಿ. ಹೊತ್ತೇರಿ ನೆಲ ಕಾದ ಮೇಲೆ, ಸುಮಾರು 11ರ ಆಸುಪಾಸಿನಲ್ಲಿ, ಕಡಲಿನಿಂದ ಪಡುಗಾಳಿ ಶುರುವಾಗುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಅದು ಬಿರುಸು, ಸೂರ್ಯ ಮುಳುಗುವ ಹೊತ್ತಿಗೆ ತಣ್ಣಗೆ. ಬೆಳಗಿನ ಮೂಡುಗಾಳಿಯಲ್ಲಿ ಎಂದೂ ಹಾರಿಸಬೇಡಿ. ತೆಂಗು, ಗಾಳಿಮರಗಳ ತೋಪು ದಾಟಿ ಬರುವ ಗಾಳಿ ಮುರಿಮುರಿಯಾಗಿರುತ್ತದೆ. ಪಟ ಬಿದ್ದರೆ ಬೀಳುವುದೂ ನೀರಿಗೆ, ನಿಮ್ಮನ್ನು ಎಳೆಯುವುದೂ ನೀರಿಗೆ.

ಹಾಗಾದರೆ ಮಂದಗಾಳಿಯ ಹೊತ್ತು ದಿನಕ್ಕೆ ಎರಡು ಸಲ: ಪಡುಗಾಳಿ ಹುಟ್ಟುವಾಗ, ಮತ್ತೆ ಅದು ಇಳಿಯುವಾಗ. ಎರಡರಲ್ಲಿ ಸಂಜೆಯದೇ ನಿಮಗೆ ಒಳ್ಳೆಯದು. 11 ಗಂಟೆಗೆ ಎಬ್ಬಿಸಿದ ದೊಡ್ಡ ಪಟದ ಮುಂದೆ ಏರುತ್ತ ಹೋಗುವ ಗಾಳಿ ಇರುತ್ತದೆ. ಸಂಜೆ ನಾಲ್ಕೂವರೆಗೆ ಎಬ್ಬಿಸಿದ್ದರ ಮುಂದೆ ಇಳಿಯುತ್ತ ಹೋಗುವ ಗಾಳಿ. ಇನ್ನೊಂದು ಅನುಕೂಲವೂ ಉಂಟು. ಪಡುಗಾಳಿ ದಿನವಿಡೀ ಒಂದೇ ದಿಕ್ಕಿನದಲ್ಲ. ಪಶ್ಚಿಮದಿಂದ ಶುರುವಾಗಿ ಹೊತ್ತು ಇಳಿಯುತ್ತಿದ್ದಂತೆ ವಾಯವ್ಯಕ್ಕೆ ಹೊರಳುತ್ತದೆ. ನಮ್ಮ ಕಡಲತೀರದ ಗೆರೆಯೂ ನೇರ ಬಡಗು–ತೆಂಕು ಅಲ್ಲ, ತುಸು ವಾಯವ್ಯದಿಂದ ಆಗ್ನೇಯಕ್ಕೆ ವಾಲಿದೆ. ಅಂದರೆ ಸಂಜೆಯ ಗಾಳಿ ಹೊಯಿಗೆಯ ಉದ್ದಕ್ಕೇ ಬೀಸುತ್ತದೆ, ಪಟಕ್ಕೆ ಬೇಕಾದಷ್ಟು ದೂರ ಸಿಗುತ್ತದೆ. ನೇರ ಪಡುಗಾಳಿಯಲ್ಲಿ ಹಾಗಲ್ಲ. ನೀವು ನೀರಿಗೆ ಬೆನ್ನು ಹಾಕಿ ನಿಂತರೆ ಪಟ ಇರುವುದು ನೆಲದ ಕಡೆ, ಮರ, ಅಂಗಡಿ, ವಿದ್ಯುತ್ ತಂತಿಗಳ ಕಡೆ.

ನಿಮ್ಮ ಮುಂದೆ ದಾರದ ಉದ್ದದ ಕನಿಷ್ಠ ಮೂರು ಪಟ್ಟು, ಅಂದರೆ 75 ಮೀಟರ್, ಎರಡೂ ಪಕ್ಕಕ್ಕೆ ತಲಾ 40 ಮೀಟರ್ ಖಾಲಿ ಜಾಗ ಇರಬೇಕು. ಇಳಿತದ ಹೊತ್ತು ನೋಡಿಕೊಂಡು ಹೋದರೆ ಅಗಲವೂ ಹೆಚ್ಚು, ಒದ್ದೆ ಹೊಯಿಗೆ ಗಟ್ಟಿಯಾಗಿ ಕಾಲಿಗೆ ಹಿಡಿತವೂ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ನೀರು ಹೆಚ್ಚು ಹಿಂದೆ ಸರಿಯುತ್ತದೆ.

ಮಲ್ಪೆಯ ಹೊಯಿಗೆ ಸಪಾಟು, ಆದರೆ ಮುಖ್ಯ ತೀರದಲ್ಲಿ ಜನ, ಪ್ಯಾರಾಸೈಲಿಂಗ್, ದೋಣಿ, ಬಡಗಿಗೆ ನಡೆದುಹೋಗಿ. ಪಣಂಬೂರು, ತಣ್ಣೀರುಬಾವಿಗಳಲ್ಲಿ ವಾರದ ನಡುವಿನ ದಿನವೇ ಆಗಬೇಕು. ಕಾಪುವಿನ ದೀಪಸ್ತಂಭದ ಬಳಿ, ಸುರತ್ಕಲ್, ಸೋಮೇಶ್ವರಗಳಲ್ಲಿ ಬಂಡೆಗಳಿವೆ, ದಾರ ಉಜ್ಜಿ ಹರಿಯುತ್ತದೆ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ತೀರ ಈಜುವವರದ್ದು, ಅಲ್ಲಿ ಬೇಡ. ಮರವಂತೆಯಲ್ಲಿ ಹೆದ್ದಾರಿಯೇ ಕಡಲಿಗೆ ತಾಗಿಕೊಂಡಿದೆ. ಎಷ್ಟೇ ಚಂದ ಕಂಡರೂ ಅಲ್ಲಿ ಪಟ ಬಿಚ್ಚುವಂತಿಲ್ಲ. ಊರೊಳಗಿನ ಮೈದಾನಗಳಲ್ಲಿ ಸುತ್ತಲಿನ ಕಟ್ಟಡ, ಮರಗಳಿಂದ ಗಾಳಿ ಸುಳಿಯುತ್ತದೆ, ಮಂದಗಾಳಿಯಂತೂ ತಲುಪುವುದೇ ಇಲ್ಲ. ಬಜ್ಪೆ ಕಡೆಯ ಗುಡ್ಡದ ಪದವುಗಳಲ್ಲಿ ವಿಮಾನ ನಿಲ್ದಾಣದ ಕಾರಣಕ್ಕೆ ಯಾವ ಪಟವೂ ಬೇಡ. 1934ರ ವಿಮಾನ ಕಾಯ್ದೆ "ವಿಮಾನ" ಎಂಬ ಮಾತಿನ ವ್ಯಾಖ್ಯೆಯೊಳಗೇ ಗಾಳಿಪಟವನ್ನೂ ಸೇರಿಸಿತ್ತು ಎಂಬುದು ನೆನಪಿರಲಿ.

ಕೈರಂಪಣಿ ಬಲೆ ಎಳೆಯುವವರು ತೀರದಲ್ಲಿದ್ದರೆ ಜಾಗ ಅವರದ್ದು. ಅವರ ಹಗ್ಗ, ಬಲೆಯ ಮೇಲೆ ನಿಮ್ಮ ದಾರ ಹಾಯಬಾರದು. ಜೀವರಕ್ಷಕರು ಇರುವ ತೀರದಲ್ಲಿ ಮೊದಲು ಅವರಿಗೆ ಹೇಳಿ, ಒಪ್ಪಿಗೆ ಪಡೆದು, ಆಮೇಲೆ ಪಟ ಬಿಚ್ಚಿ.

ಕಾಲ: ಮಳೆಗಾಲ ಪೂರ್ತಿ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ ದೊಡ್ಡ ಪಟಕ್ಕೆ ಹೇಳಿದ್ದಲ್ಲ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಏಪ್ರಿಲ್, ಮೇ ಮತ್ತು ಅಕ್ಟೋಬರ್, ನವೆಂಬರ್‌ಗಳ ಸಂಜೆ ಮೂಡಣದ ಘಟ್ಟದ ಕಡೆ ಆಗಾಗ ತಿರುಗಿ ನೋಡುತ್ತಿರಿ. ಅಲ್ಲಿ ಮೋಡ ಕಪ್ಪಿಟ್ಟರೆ, ಗುಡುಗು ಕೇಳಿದರೆ, ಕಡಲ ಮೇಲೆ ಬಿಸಿಲಿದ್ದರೂ ಪಟ ಇಳಿಸಿ. ಗುಡುಗು ಮಳೆಯ ಮುಂದೆ ಓಡಿ ಬರುವ ಗಾಳಿ ಮಂದಗಾಳಿಯನ್ನು ಅರೆಕ್ಷಣದಲ್ಲಿ ಬಿರುಗಾಳಿ ಮಾಡುತ್ತದೆ, ಅದೂ ಎದುರು ದಿಕ್ಕಿನಿಂದ. ಮಿಂಚಿನ ಮಾತು ಬೇರೆ ಹೇಳಬೇಕಿಲ್ಲ.

ಹಂತ 1: ಗಾಳಿ ಅಳೆಯುವುದು

ನೀರಿನ ಅಂಚಿನಲ್ಲಿ, ತಲೆಯ ಎತ್ತರದಲ್ಲಿ ಮಾಪಕ ಹಿಡಿದು ಹತ್ತು ನಿಮಿಷ ನೋಡಿ. ಸರಾಸರಿ ಅಲ್ಲ, ಆ ಹತ್ತು ನಿಮಿಷದಲ್ಲಿ ಕಂಡ ಅತಿ ಹೆಚ್ಚಿನ ಅಂಕೆ ಮುಖ್ಯ. ಅದು ಗಂಟೆಗೆ 15 ಕಿಲೋಮೀಟರ್ ದಾಟಿದರೆ ದೊಡ್ಡ ಪಟ ಚೀಲದಲ್ಲೇ ಇರಲಿ. ಮೊಬೈಲ್ ಆ್ಯಪ್ ನಾಟ್‌ನಲ್ಲಿ ತೋರಿಸಿದರೆ 1 ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್; 8 ಎಂದು ಕಂಡದ್ದನ್ನು ಕಿಲೋಮೀಟರ್ ಎಂದುಕೊಂಡು ಹೋದರೆ ಅಲ್ಲಿರುವುದು 15.

ಮಾಪಕ ಇಲ್ಲದಿದ್ದರೆ: ಮುಖಕ್ಕೆ ಗಾಳಿ ತಿಳಿಯುತ್ತದೆ, ಎಲೆ ಅಲುಗುತ್ತದೆ, ನೀರಿನ ಮೇಲೆ ಸಣ್ಣ ಸುಕ್ಕು ಮಾತ್ರ ಎಂದರೆ 6ರಿಂದ 11. ತೆಳ್ಳನೆಯ ಬಾವುಟ ಪೂರಾ ಬಿಚ್ಚಿಕೊಂಡು ನಿಂತು, ಕಡಲ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಂಡರೆ 12ರಿಂದ 19ರ ನಡುವೆ ಇದೆ. ಬಿಳಿನೊರೆ ಹೆಚ್ಚುತ್ತಿದೆಯೇ? ಬೇಡ.

ಹಂತ 2: ಪಟ ಹಾಸುವುದು

ಗಾಳಿಗೆ ಬೆನ್ನು ಹಾಕಿ ನೀವು ನಿಲ್ಲುವ ಜಾಗ ಗುರುತಿಸಿ, ಅಲ್ಲಿಂದ ಗಾಳಿ ಹೋಗುವ ದಿಕ್ಕಿಗೆ 25 ಮೀಟರ್ ದೂರದಲ್ಲಿ ಪಟವನ್ನು ಅಂಗಾತ ಹಾಸಿ. ಹಿಂದಿನ ಅಂಚು ನಿಮ್ಮ ಕಡೆ, ಬಾಯಿಗಳಿರುವ ಮುಂದಿನ ಅಂಚು ಆಚೆ ಕಡೆ. ಬ್ರೈಡಲ್, ಅಂದರೆ ಪಟದ ಹೊಟ್ಟೆಯಿಂದ ಹೊರಟು ಕೊನೆಗೆ ನಾಲ್ಕು ತುದಿಗಳಾಗಿ ಕೂಡುವ ದಾರಗಳ ಜಾಲ, ಮೇಲಕ್ಕೆ ಕಾಣಬೇಕು. ಹಿಂದಿನ ಅಂಚಿನ ಮೇಲೆ ನಾಲ್ಕೈದು ಕಡೆ ಒಂದೊಂದು ಬೊಗಸೆ ಒಣ ಹೊಯಿಗೆ ಹಾಕಿ. ಒದ್ದೆ ಹೊಯಿಗೆ ಬಟ್ಟೆಗೆ ಅಂಟಿಕೊಂಡು ಮೇಲೂ ಬರುತ್ತದೆ, ಮಂದಗಾಳಿಯಲ್ಲಿ ಆ ಇನ್ನೂರು ಗ್ರಾಂ ಕೂಡ ಭಾರವೇ.

ಹೊಯಿಗೆ ದಿಣ್ಣೆಯ ಹತ್ತಿರ ಹಾಸಬೇಡಿ. ಅಡುಂಬು ಬಳ್ಳಿಗೆ ಬ್ರೈಡಲ್ ತೊಡರುತ್ತದೆ. ರಾವಣನ ಮೀಸೆ ಹುಲ್ಲಿನ ಮುಳ್ಳುಗೊಂಚಲು ಬಟ್ಟೆಗೆ ಚುಚ್ಚಿದರೆ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಕೋಶಗಳ ಒಳಗೆ ಹಳೆಯ ಹೊಯಿಗೆ ಉಳಿದಿದೆಯೇ ನೋಡಿ. ರೆಕ್ಕೆಯ ತುದಿಗಳಲ್ಲಿ ಅದು ಕೂಡಿಕೊಳ್ಳುತ್ತದೆ, ಆಮೇಲೆ ಪಟ ಒಂದೇ ಕಡೆಗೆ ವಾಲುತ್ತದೆ.

ಹಂತ 3: ದಾರ ಮತ್ತು ಬ್ರೇಕ್ ಹೊಂದಿಸುವುದು

ದಾರದ ಕುಣಿಕೆಯನ್ನು ಬ್ರೈಡಲ್‌ನ ಗಂಟಿನ ಹಿಂದೆ ಸಿಕ್ಕಿಸಿ ಬಿಗಿಯಿರಿ. ಎರಡು ದಪ್ಪ ದಾರ ಹ್ಯಾಂಡಲಿನ ಮೇಲ್ತುದಿಗೆ, ಎರಡು ತೆಳು ದಾರ ಕೆಳತುದಿಗೆ. ಹ್ಯಾಂಡಲ್ ಎಡಬಲ ತಪ್ಪಿಲ್ಲ, ಮೇಲೆ ಕೆಳಗೆ ತಪ್ಪಿಲ್ಲ ಎಂದು ಪಟದ ತನಕ ನಡೆದು, ದಾರವನ್ನು ಬೆರಳ ನಡುವೆ ಹಾಯಿಸುತ್ತ ನೋಡಿ. ಪವರ್, ಬ್ರೇಕ್ ಅದಲುಬದಲಾದರೆ ಪಟ ಹಿಂದುಮುಂದಾಗಿ ಏಳುತ್ತದೆ, ಹಿಡಿತಕ್ಕೇ ಬರುವುದಿಲ್ಲ.

ಈಗ ಬ್ರೇಕ್. "ಏಳುವುದೇ ಇಲ್ಲ" ಎಂಬ ದೂರಿಗೆ ಅರ್ಧಕ್ಕೂ ಹೆಚ್ಚು ಪಾಲು ಉತ್ತರ ಇಲ್ಲಿದೆ. ಎಳೆತ ಹೊರುವ ಪವರ್ ಲೈನ್ ಬಳಸುತ್ತ ಬಳಸುತ್ತ ಒಂದಿಷ್ಟು ಉದ್ದವಾಗುತ್ತದೆ, ಬ್ರೇಕ್ ಲೈನ್ ಹಾಗೇ ಉಳಿಯುತ್ತದೆ. ಪರಿಣಾಮವಾಗಿ ನೀವು ಹಿಡಿಯದಿದ್ದರೂ ಬ್ರೇಕ್ ಹಿಡಿದೇ ಇರುತ್ತದೆ. ಜೋರು ಗಾಳಿಯಲ್ಲಿ ಇದು ಗೊತ್ತಾಗುವುದಿಲ್ಲ. ಮಂದಗಾಳಿಯಲ್ಲಿ ಪಟ ಅರ್ಧಕ್ಕೆ ಏರಿ, ಮುಂದೆ ಓಡದೆ, ಹಿಂದಕ್ಕೆ ಜಾರುತ್ತ ಇಳಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ: ರೆಕ್ಕೆಯ ಮೇಲೆ ಸರಾಗವಾಗಿ ಹರಿಯಬೇಕಾದ ಗಾಳಿ ಮುರಿದು, ಎತ್ತುವ ಶಕ್ತಿ ಹೋದ ಸ್ಥಿತಿ.

ಪರೀಕ್ಷೆ ಸುಲಭ. ನಾಲ್ಕೂ ದಾರದ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ಸಮನಾಗಿ ಎಳೆದು ಉದ್ದ ಹೋಲಿಸಿ. ಹ್ಯಾಂಡಲಿನ ಕೆಳತುದಿಯ ತುಂಡು ದಾರದಲ್ಲಿ 2–3 ಸೆಂಟಿಮೀಟರಿಗೊಂದರಂತೆ ಗಂಟುಗಳಿರುತ್ತವೆ. ಮಂದಗಾಳಿಗೆ ಬ್ರೇಕನ್ನು ಒಂದು ಗಂಟು ಹೊರಗೆ, ಅಂದರೆ ಪಟದ ಕಡೆಗೆ, ಸರಿಸಿ. ಪಟ ಹಾರುತ್ತಿರುವಾಗ ಹ್ಯಾಂಡಲ್ ಸಹಜವಾಗಿ ಹಿಡಿದರೆ ಬ್ರೇಕ್ ದಾರ ತುಸು ಜೋತುಬಿದ್ದಿರಬೇಕು, ಪಟದ ಹಿಂದಿನ ಅಂಚು ಕೆಳಕ್ಕೆ ಮಡಚಿರಬಾರದು. ಜೋತು ಅತಿಯಾದರೆ ತಿರುಗಿಸುವಾಗ ಪಟ ತಡವಾಗಿ ಕೇಳುತ್ತದೆ, ಇಳಿಸಲು ಕೈ ಸಾಲುವುದಿಲ್ಲ. ಒಂದೊಂದೇ ಗಂಟು ಬದಲಿಸಿ, ಪ್ರತಿ ಸಲ ಹಾರಿಸಿ ನೋಡಿ.

ಹಂತ 4: ಎಬ್ಬಿಸುವುದು

ಕಿಲ್ಲರ್ ಪಟ್ಟಿ ಮಣಿಕಟ್ಟಿಗೆ ಹಾಕಿ. ಪಟದ ಆಚೆ, ಪಕ್ಕದಲ್ಲಿ ಯಾರೂ ಇಲ್ಲ ಎಂದು ನೋಡಿ. ನಿಮ್ಮ ಬೆನ್ನ ಹಿಂದೆ 15 ಹೆಜ್ಜೆ ಖಾಲಿ ಇರಲಿ, ಅದು ಬೇಕಾಗುತ್ತದೆ.

ಹ್ಯಾಂಡಲಿನ ಮೇಲ್ತುದಿಯನ್ನು ನಿಮ್ಮ ಕಡೆ ವಾಲಿಸಿ, ಅಂದರೆ ಬ್ರೇಕ್ ಪೂರಾ ಸಡಿಲ. ಪವರ್ ಲೈನ್ ಎರಡನ್ನೂ ಒಮ್ಮೆ ಮೆಲ್ಲಗೆ ಜಗ್ಗಿ. ಮುಂದಿನ ಅಂಚು ಏಳುತ್ತದೆ, ಬಾಯಿಗೆ ಗಾಳಿ ಸಿಗುತ್ತದೆ. ಅಲ್ಲೇ ತಡೆಯಿರಿ. ಕೋಶಗಳು ತುಂಬಲು ಎರಡು ಮೂರು ಸೆಕೆಂಡ್ ಬೇಕು. ಅವಸರದಲ್ಲಿ ಖಾಲಿ ಪಟವನ್ನೇ ಎಳೆದರೆ ಅದು ಬಟ್ಟೆಯ ಗಂಟಾಗಿ ನಿಮ್ಮ ಕಡೆ ತೆವಳಿ ಬರುತ್ತದೆ. ಜೊತೆಗೊಬ್ಬರಿದ್ದರೆ ಅವರು ಪಟದ ಹಿಂದೆ ನಿಂತು ಮುಂದಿನ ಅಂಚಿನ ನಡುಭಾಗವನ್ನು ಎತ್ತಿ ಹಿಡಿದು ತುಂಬಿಸಿ ಬಿಡಲಿ. ಬ್ರೈಡಲ್ ದಾರಗಳ ನಡುವೆ ಕಾಲು, ಬೆರಳು ಇಡಬಾರದು.

ನಡು ತುಂಬಿತೆಂದು ಕಂಡೊಡನೆ ಹಿಂದಕ್ಕೆ ನಡೆಯಲು ಶುರುಮಾಡಿ. ಓಟ ಬೇಡ, ಬಿರುಸಿನ ನಡಿಗೆ ಸಾಕು. ಸೆಕೆಂಡಿಗೆ ಎರಡೂವರೆ ಮೀಟರ್ ಗಾಳಿಗೆ ನಿಮ್ಮ ನಡಿಗೆಯ ಒಂದೂಕಾಲು ಮೀಟರ್ ಸೇರಿದರೆ ಪಟಕ್ಕೆ ತಾಗುವ ಗಾಳಿ ಒಂದೂವರೆ ಪಟ್ಟು, ಎತ್ತುವ ಶಕ್ತಿ ಎರಡು ಪಟ್ಟಿಗೂ ಮಿಕ್ಕು. ಮಂದಗಾಳಿಯಲ್ಲಿ ಪಟ ಎಬ್ಬಿಸುವುದು ಕೈಯಲ್ಲ, ಕಾಲು. ಹಿಂದೆ ನಡೆಯುವಾಗ ಗುಂಡಿ, ಏಡಿಬಿಲ, ಜನ ಇದ್ದಾರೆಯೇ ಎಂದು ಜೊತೆಯವರು ನೋಡಿ ಹೇಳಲಿ.

ಹಂತ 5: ಮೇಲೆ ಉಳಿಸಿಕೊಳ್ಳುವುದು

ಪಟ ಹಾರಬಲ್ಲ ಜಾಗವನ್ನು ವಿಂಡೋ ಎನ್ನುತ್ತಾರೆ. ನಿಮ್ಮ ಮುಂದೆ ನಿಂತ ಅರ್ಧ ಗಡಿಯಾರ ಎಂದು ಭಾವಿಸಿ: ನೆತ್ತಿ 12, ಎಡಗಡೆ ನೆಲ 9, ಬಲಗಡೆ ನೆಲ 3. ಈ ಅಂಚಿನ ಮೇಲೆ ಎಳೆತ ಕಡಿಮೆ, ನೇರ ಎದುರಿನ ನಡುಭಾಗದಲ್ಲಿ ಅತಿ ಹೆಚ್ಚು.

ಹೊಸಬರು ಪಟವನ್ನು 12ಕ್ಕೆ ಒಯ್ದು ನಿಲ್ಲಿಸುತ್ತಾರೆ, ವಿಶ್ರಾಂತಿ ಎಂದುಕೊಂಡು. ಮಂದಗಾಳಿಯಲ್ಲಿ ಅದೇ ಅಪಾಯದ ಜಾಗ. ಗಾಳಿ ಒಂದು ಉಸಿರು ನಿಂತರೂ ಪಟ ತನ್ನ ವೇಗದಲ್ಲೇ ನಿಮ್ಮ ತಲೆ ದಾಟಿ ಹಿಂದೆ ಬರುತ್ತದೆ, ದಾರ ಸಡಿಲಾಗುತ್ತದೆ, ಮುಂದಿನ ಅಂಚು ಒಳಕ್ಕೆ ಮಡಚುತ್ತದೆ. ಮುದ್ದೆಯಾಗಿ ಬೀಳುವುದು ಹೀಗೆ. ಪಟವನ್ನು 10:30ರಿಂದ 1:30ರ ನಡುವೆ ನಿಧಾನ ಆಚೀಚೆ ಓಡಾಡಿಸುತ್ತಲೇ ಇರಿ.

ಆದರೂ ಮಡಚತೊಡಗಿದರೆ ಎರಡು ಕೆಲಸ ಒಟ್ಟಿಗೆ: ಮೂರು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಎರಡೂ ಬ್ರೇಕನ್ನು ಒಮ್ಮೆ ಜಗ್ಗಿ ಬಿಡಿ. ದಾರ ಬಿಗಿದು ಕೋಶ ಮತ್ತೆ ತುಂಬುತ್ತದೆ. ಬ್ರೇಕ್ ಹಿಡಿದೇ ನಿಂತರೆ ಸ್ಟಾಲ್ ಆಗುತ್ತದೆ, ಬಿಡುವುದನ್ನು ಮರೆಯಬೇಡಿ.

ಹಂತ 6: ಓಡಿಸಿ ಎಳೆತ ಪಡೆಯುವುದು

ಗಾಳಿಯಲ್ಲಿ ಮಲಗಿದ 8ರ ಆಕಾರ ಬರೆಯಿರಿ, ದೊಡ್ಡದಾಗಿ. ಎಡಕ್ಕೆ ತಿರುಗಿಸಲು ಎಡ ಹ್ಯಾಂಡಲನ್ನು 10ರಿಂದ 15 ಸೆಂಟಿಮೀಟರ್ ಹಿಂದೆ ತಂದು, ಎಡ ಬ್ರೇಕನ್ನು ತುಸುವೇ ಮುಟ್ಟಿ, ಬಲಗೈಯನ್ನು ಮುಂದಕ್ಕೆ ಬಿಡಿ. ಬಲಗೈ ಮುಂದೆ ಬಿಡುವುದೇ ಹೆಚ್ಚು ಮುಖ್ಯ. ಸಣ್ಣ ಪಟದ ಅಭ್ಯಾಸದಲ್ಲಿ ಬ್ರೇಕ್ ಗಟ್ಟಿ ಹಿಡಿದು ರೆಕ್ಕೆಯ ತುದಿಯ ಮೇಲೆ ಗಿರ್ರನೆ ತಿರುಗಿಸಿದರೆ ಒಳಗಿನ ಅರ್ಧ ಸ್ಟಾಲ್ ಆಗಿ, ಹೊರಗಿನ ಅರ್ಧ ಮಾತ್ರ ಹಾರಿ, ಪಟ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಗಳಿಸಿದ ವೇಗವೆಲ್ಲ ಅಲ್ಲಿಗೆ ಹೋಯಿತು.

ತಿರುವಿನ ಕೊನೆಯಲ್ಲಿ ಮೂಗು ಮೇಲಕ್ಕೋ ಕೆಳಕ್ಕೋ? ಮೇಲ್ಮುಖವಾಗಿ ತಿರುಗಿಸಿದರೆ ಪಟ ನಿಧಾನವಾಗುತ್ತದೆ, ಎಳೆತ ಬಿಟ್ಟುಬಿಟ್ಟು ಬರುತ್ತದೆ, ಆದರೆ ನೆಲಕ್ಕೆ ಅಪ್ಪಳಿಸುವ ಭಯ ಕಡಿಮೆ. ಕೆಳಮುಖವಾಗಿ ತಿರುಗಿಸಿದರೆ ಇಳಿಜಾರಿನ ವೇಗವೂ ಸೇರಿ ಎಳೆತ ತುಂಡಾಗುವುದಿಲ್ಲ. ಮಂದಗಾಳಿಯ ನಿಜವಾದ ಸೊಗಸು ಅದರಲ್ಲಿದೆ. ಆದರೆ 10 ಚದರ ಮೀಟರಿನ ಪಟ ಆರು ಮೀಟರಿಗೂ ಹೆಚ್ಚು ಅಗಲ ಇರಬಹುದು, ತಿರುಗಲು ಅದರ ಎರಡು ಪಟ್ಟು ಎತ್ತರ ಬೇಕು. ಕೆಳತಿರುವನ್ನು 15 ಮೀಟರಿಗಿಂತ ಮೇಲೆ ಶುರುಮಾಡಿ. ಮೊದಲ ಕೆಲವು ದಿನ ಮೇಲ್ತಿರುವೇ ಸಾಕು.

ಒಂದೇ ಕಡೆ ಪೂರ್ತಿ ಸುತ್ತು ಹಾಕಿದರೆ ದಾರ ಹೊಸೆದುಕೊಳ್ಳುತ್ತದೆ. ಎರಡು ಮೂರು ಸುತ್ತಿನವರೆಗೆ ಚಿಂತೆಯಿಲ್ಲ, ಅಷ್ಟೇ ಸುತ್ತು ಎದುರು ದಿಕ್ಕಿಗೆ ಹಾಕಿ ಬಿಡಿಸಿ.

ಎಳೆತ ಬಂದಾಗ ತೋಳು ಮಡಚಿ ಎದೆಗೆ ಎಳೆಯಬೇಡಿ. ತೋಳು ನೇರ, ಮೊಣಕಾಲು ಬಾಗಿ, ಸೊಂಟ ಕುರ್ಚಿಯಲ್ಲಿ ಕೂತಷ್ಟು ಕೆಳಗೆ, ತೂಕ ಹಿಮ್ಮಡಿಯ ಮೇಲೆ. ಎಳೆತ ನಿಮ್ಮನ್ನು ಎರಡು ಹೆಜ್ಜೆಗಿಂತ ಹೆಚ್ಚು ಓಡಿಸಿತೆಂದರೆ ಪಟವನ್ನು ಅಂಚಿಗೆ ಒಯ್ಯಿರಿ. ಅದೂ ಆಗದಿದ್ದರೆ ಹ್ಯಾಂಡಲ್ ಬಿಡಿ. ಯೋಚಿಸುತ್ತ ಹಿಡಿದುಕೊಂಡು ಓಡುವವರಿಗೇ ಪೆಟ್ಟಾಗುವುದು. ಬಿಗಿದ ದಾರವನ್ನು ಬರಿಗೈಯಲ್ಲಿ ಹಿಡಿಯಲೇಬೇಡಿ, ಅದು ಚರ್ಮವನ್ನು ಕತ್ತಿಯಂತೆ ಕೊಯ್ಯುತ್ತದೆ. ಬೇರೆಯವರ ಪಟದ ದಾರಕ್ಕೆ ನಿಮ್ಮದು ಉಜ್ಜಿದರೆ ಡೈನೀಮಾ ಬಿಸಿಯೇರಿ ಕರಗಿ ಹರಿಯುತ್ತದೆ. ಸುಮಾರು 145 ಡಿಗ್ರಿಗೇ ಅದು ಕರಗುವ ವಸ್ತು.

ಹಂತ 7: ಇಳಿಸುವುದು

ಗಾಳಿ ಸಾಯುವವರೆಗೆ ಕಾಯಬೇಡಿ. ಪಟವನ್ನು ನಿಧಾನ 9ರ ಅಥವಾ 3ರ ಕಡೆ ಅಂಚಿಗೆ ತಂದು, ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಎರಡೂ ಬ್ರೇಕನ್ನು ಸಮನಾಗಿ, ಪೂರಾ ಜಗ್ಗಿ. ಪಟ ಹಿಮ್ಮುಖವಾಗಿ ಇಳಿದು ಹಿಂದಿನ ಅಂಚಿನ ಮೇಲೆ ಕೂರುತ್ತದೆ. ಬ್ರೇಕ್ ಸಡಿಲ ಬಿಟ್ಟು ಪಟದ ಕಡೆ ನಡೆಯಬೇಡಿ. ಮೊದಲು ಬ್ರೇಕ್ ಕುಣಿಕೆಯನ್ನು ಗೂಟಕ್ಕೆ ಸಿಕ್ಕಿಸಿ, ಆಮೇಲೆ ಹೋಗಿ ಹಿಂದಿನ ಅಂಚಿಗೆ ಹೊಯಿಗೆ ಹಾಕಿ. ಗೂಟ ಒದ್ದೆ ಹೊಯಿಗೆಯಲ್ಲಿ, ತಲೆ ಪಟದಿಂದ ಆಚೆಗೆ ವಾಲಿರುವಂತೆ, ಪೂರಾ ಇಳಿದಿರಬೇಕು. ಒಣ ಹೊಯಿಗೆಯಲ್ಲಿ ನೆಟ್ಟ ಗೂಟ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ.

ಪಟ ನೀರಿಗೆ ಬಿತ್ತೇ? ತೆರೆಯ ಎದುರು ದಾರ ಜಗ್ಗಬೇಡಿ. ಕೋಶಗಳಲ್ಲಿ ನೀರು ತುಂಬಿ ನೂರಾರು ಕಿಲೋ ಆಗಿರುತ್ತದೆ, ಒಳಗಿನ ಹೊಲಿಗೆ ಕಿತ್ತುಬರುತ್ತದೆ. ಮೊಣಕಾಲಿನವರೆಗಿನ ನೀರಿನಲ್ಲಿದ್ದರೆ ಹಿಂದಿನ ಅಂಚು ಹಿಡಿದು ಎತ್ತಿ, ಬಾಯಿಗಳಿಂದ ನೀರು ಇಳಿಯಲು ಬಿಟ್ಟು ಮೆಲ್ಲಗೆ ತನ್ನಿ. ಅದಕ್ಕಿಂತ ಆಳದಲ್ಲಿದ್ದರೆ ಪಟ ಹೋಗಲಿ, ಕಿಲ್ಲರ್ ಪಟ್ಟಿಯನ್ನೂ ಬಿಚ್ಚಿಬಿಡಿ. ವಿದ್ಯುತ್ ತಂತಿಗೆ ಸಿಕ್ಕಿದರೂ ಅಷ್ಟೇ: ಎಲ್ಲವನ್ನೂ ಕೈಬಿಟ್ಟು ದೂರ ಸರಿದು, ಬೇರೆಯವರನ್ನೂ ದೂರ ನಿಲ್ಲಿಸಿ, ಮೆಸ್ಕಾಂನ 1912ಕ್ಕೆ ಕರೆ ಮಾಡಿ. ಕಡಲ ಉಪ್ಪು ಹತ್ತಿದ ಒದ್ದೆ ದಾರದಲ್ಲಿ ಕರೆಂಟ್ ಹರಿಯುತ್ತದೆ.

ಹಂತ 8: ಒಣಗಿಸಿ ಮಡಚುವುದು

ನಮ್ಮ ತೀರದ ತೇವದಲ್ಲಿ ಇದನ್ನು ಬಿಡುವಂತಿಲ್ಲ. ಪಟವನ್ನು ರೆಕ್ಕೆತುದಿ ಕೆಳಗಾಗಿ ಹಿಡಿದು ಹೊಯಿಗೆ ಉದುರಿಸಿ. ತುದಿಯಲ್ಲಿ ವೆಲ್ಕ್ರೋ ಬಾಯಿ ಇದ್ದರೆ ಅದನ್ನು ತೆರೆದರೆ ಸುಲಭ. ಉಪ್ಪುನೀರು ತಾಗಿದ್ದರೆ ಬಾವಿನೀರಿನಲ್ಲಿ, ಸೋಪಿಲ್ಲದೆ, ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹರವಿದರೆ ನೈಲಾನ್ ಬೇಗ ಸಡಿಲವಾಗಿ, ಬಟ್ಟೆಯೊಳಗಿಂದ ಗಾಳಿ ಸೋರತೊಡಗುತ್ತದೆ. ಸೋರುವ ಬಟ್ಟೆ ಜೋರು ಗಾಳಿಯಲ್ಲಿ ಹೇಗೋ ಹಾರುತ್ತದೆ, ಮಂದಗಾಳಿಯಲ್ಲಿ ಏಳುವುದಿಲ್ಲ. ದಾರವನ್ನು ಹ್ಯಾಂಡಲಿಗೆ 8ರ ಆಕಾರದಲ್ಲಿ ಸುತ್ತಿ. ನೇರ ಸುತ್ತಿದರೆ ಮುಂದಿನ ಸಲ ಬಿಚ್ಚುವಾಗ ತಾನೇ ಹೊಸೆದುಕೊಂಡಿರುತ್ತದೆ. ಮಳೆಗಾಲಕ್ಕೆ ಎತ್ತಿಡುವ ಮುನ್ನ ಬ್ರೈಡಲ್‌ನ ಪ್ರತಿ ದಾರವನ್ನೂ ಬೆರಳಲ್ಲಿ ಸವರಿ, ಎಳೆ ಎದ್ದದ್ದನ್ನು ಆಗಲೇ ಬದಲಿಸಿ, ಚೀಲದ ಬಾಯಿ ಬಿಗಿಯದೆ ಅಟ್ಟದ ಬೆಚ್ಚನೆಯ ಮೂಲೆಯಲ್ಲಿ ಇಡಿ.